ನಲವತ್ತರ ಮೇಲಿನ ಕುಂಕುಮ

ನನ್ನ ಗಂಡನ ಫಟಫಟಿ ನಲವತ್ತು ಮೈಲಿನ ವೇಗದಲ್ಲಿ ಓಡುತ್ತದೆ ಎಂಬುದು ಆ ಕಾಲಕ್ಕೆ ರೋಣದ ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು. ಮೋಟಾರ್ ಸೈಕಲ್ಲೇನೂ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಯಾರೋ ಗುತ್ತಿಗೆದಾರ ಓಡಿಸಿ ಸಾಕಾಗಿ ಬಿಟ್ಟದ್ದನ್ನು ತಂದಿದ್ದರು. ಪೆಟ್ರೋಲ್ ಟಾಕಿಯ ಬಣ್ಣ ಎದ್ದುಹೋಗಿತ್ತು, ಹಾರ್ನು ತನಗೆ ಮನಸ್ಸು ಬಂದಾಗ ಮಾತ್ರ ಕೂಗುತ್ತಿತ್ತು. ಆದರೆ ಮುಂದಿನ ದೀಪದ ಹಿಂದೆ ದುಂಡಗಿನ ಒಂದು ಮೀಟರ್ ಇತ್ತು, ಅದರ ಮುಳ್ಳು ನಡೆಯುತ್ತಿತ್ತು. ಊರಿನಲ್ಲಿದ್ದ ಉಳಿದ ಒಂದೆರಡು ಫಟಫಟಿಗಳ ಮೀಟರುಗಳು ಎಂದೋ ಕಣ್ಣು ಮುಚ್ಚಿದ್ದವು. ನಡೆಯುವ ಮೀಟರ್ ಖರೇ ಹೇಳುತ್ತದೆಯೇ ಎಂದು ಕೇಳುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ಮೊದಮೊದಲು ನನಗೂ ಬರಲಿಲ್ಲ.

ನನ್ನ ತವರು ನರಗುಂದ. ಟ್ರೇನಿಂಗ್ ಪರೀಕ್ಷೆ ಮುಗಿಸಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಲೆಕ್ಕ ನನ್ನ ಪಾಲಿಗೆ ಬಂದ ವಿಷಯ, ಉಳಿದ ಬಾಯಿಯವರಿಗೆ, ಅಂದರೆ ಶಿಕ್ಷಕಿಯರಿಗೆ, ಅದು ಬೇಡವಾಗಿತ್ತು. ಹೆಣ್ಣು ನೋಡಲು ಬಂದಾಗ ಅಪ್ಪ, ಹುಡುಗಿ ನೌಕರಿ ಬಿಡುವುದಿಲ್ಲ ಎಂದು ಬೀಗರಿಗೆ ಮೊದಲೇ ಹೇಳಿದ್ದರು. ಬೀಗರು ‘ನೋಡೂಣಂತ’ ಅಂದರು. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎನ್ನುವುದರ ಮರ್ಯಾದೆಯ ರೂಪ. ಅದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಇಬ್ಬರೂ ಅದನ್ನು ಹೌದು ಎಂದೇ ತಿಳಿದುಕೊಂಡೆವು.

ಮದುವೆಯಾದ ವರ್ಷ ಕಾರಣಗಳು ತಾವಾಗಿಯೇ ಒದಗಿ ಬಂದವು. ಮೊದಲ ಆಷಾಢ, ಸೊಸೆ ತವರಿನಲ್ಲಿರಬೇಕು. ಆಮೇಲೆ ನಾಗರಪಂಚಮಿ, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಬಂದವಳು ಜೋಕಾಲಿ ಬಿಟ್ಟು ಹೋಗುವುದೆಲ್ಲಿ. ಆಮೇಲೆ ಮಳೆ ಹಿಡಿಯಿತು. ಎರೆಮಣ್ಣಿನ ರಸ್ತೆಯಲ್ಲಿ ಗಾಡಿಯ ಗಾಲಿ ಹೂತು, ಎತ್ತು ನಿಂತು, ಜನ ಬೈದು, ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಹೀಗೆ ದಸರೆಯವರೆಗೆ ನಾನು ತವರಿನಲ್ಲಿದ್ದುಕೊಂಡೇ ಶಾಲೆಗೆ ಹೋದೆ. ದಸರೆಗೆ ರೋಣಕ್ಕೆ ಹೋದಾಗ ಕಾರಣಗಳು ಮುಗಿದಿದ್ದವು.

ಗಂಡನ ಮನೆತನದವರದು ನರಗುಂದದ ಪೇಟೆಯಲ್ಲಿ ಒಂದು ದಲಾಲಿ ಅಂಗಡಿ ಇತ್ತು. ಇವರು ದಿನಾ ಮುಂಜಾನೆ ಫಟಫಟಿಯಲ್ಲಿ ಹೋಗಿ ಸಂಜೆಗೆ ಬರುತ್ತಿದ್ದರು. ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಮಾತು ತೆಗೆದವರು ಅವರೇ. ಆ ಮಾತಿಗೆ ನಾನು ಇವತ್ತಿಗೂ ಅವರ ಬೆನ್ನು ತಟ್ಟುತ್ತೇನೆ. ಮಾವನವರು ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಮುಖ ನೋಡಲಿಲ್ಲ, ಮಗನ ಮುಖ ನೋಡಿದರು.

“ದೀಪಾ ಹಚ್ಚೂ ಹೊತ್ತಿಗೆ ಮನ್ಯಾಗಿರಬೇಕು” ಎಂದರು.

ಆ ಮನೆಯ ಪದ್ಧತಿ ಹೇಳಿದರೆ ಇದು ತಿಳಿಯುತ್ತದೆ. ಸಂಜೆ ದೇವರ ಜಗಲಿಯ ಮುಂದಿನ ಹಿತ್ತಾಳೆಯ ದೀಪವನ್ನು ಹಚ್ಚುವವಳು ಮನೆಯ ಹೊಸ ಸೊಸೆ. ಮದುವೆಯ ಮರುದಿನ ಅತ್ತೆ ಆ ಕೆಲಸವನ್ನು ಕಡ್ಡಿಪೆಟ್ಟಿಗೆಯ ಸಮೇತ ಸೊಸೆಯ ಕೈಗೆ ಕೊಡುತ್ತಾಳೆ. ಅದು ಹತ್ತಿದ ಮೇಲೆಯೇ ಪಡಸಾಲೆಯ ಕಂದೀಲು, ಅಡುಗೆಮನೆಯ ಚಿಮಣಿ ಹತ್ತಬೇಕು. ಸೊಸೆ ಇದ್ದೂ ಅತ್ತೆಯೇ ಮತ್ತೆ ದೀಪ ಹಚ್ಚಿದರೆ ಆ ಮನೆಗೆ ಸೊಸೆ ಹೊಂದಲಿಲ್ಲ ಎಂದು ಅರ್ಥ. ಓಣಿಯವರು ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೇಳಿಸುವಷ್ಟು ಮೆಲ್ಲಗೆ ಹೇಳುತ್ತಿದ್ದರು.

ಎರಡನೆಯ ಷರತ್ತು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬಂತು. ಅಂದು ಮನೆಯ ನೇಗಿಲ ಕುಡ, ಕೊಡಲಿ, ತಕ್ಕಡಿಗಳ ಸಾಲಿನಲ್ಲಿ ಫಟಫಟಿಯೂ ತೊಳೆಸಿಕೊಂಡು ನಿಂತಿತ್ತು. ಅತ್ತೆ ಅದರ ದೀಪದ ಮೇಲೆ ವಿಭೂತಿ ಎಳೆದು, ಹ್ಯಾಂಡಲ್ಲಿಗೆ ಚೆಂಡುಹೂವು ಕಟ್ಟಿ, ಮಗನನ್ನು ಕರೆದರು.

“ಎಷ್ಟರಾಗ ಹೋದ್ರ ಜೀವಕ್ಕ ಧೋಕಾ ಇಲ್ಲ?”

“ನಲವತ್ತು.”

“ಅದು ಎಲ್ಲಿ ಐತಿ, ತೋರಸು.”

ಅವರು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಅತ್ತೆಗೆ ಅಂಕಿ ಬರುತ್ತಿರಲಿಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅದೇ ಜಾಗಕ್ಕೆ ಹಚ್ಚಿ, “ಮುಳ್ಳು ಈ ಕುಂಕುಮ ದಾಟಬಾರದು. ಹೂಂ ಅನ್ನು” ಎಂದರು. ಇವರು ಹೂಂ ಅಂದರು. ಮುಂದೆ ಪ್ರತಿ ಸೋಮವಾರ ಅತ್ತೆ ಗಾಡಿಯನ್ನು ಒರೆಸಿ ಕುಂಕುಮವನ್ನು ಅದೇ ಜಾಗಕ್ಕೆ ಮತ್ತೆ ಇಡುತ್ತಿದ್ದರು.

ಎರಡೂ ಷರತ್ತಿಗೆ ಇವರು ಒಪ್ಪಿದ್ದಕ್ಕೆ ಕಾರಣವಿತ್ತು. ನರಗುಂದದಿಂದ ರೋಣಕ್ಕೆ ಹೆಚ್ಚುಕಡಿಮೆ ಇಪ್ಪತ್ತೈದು ಮೈಲು. ಐದಕ್ಕೆ ಶಾಲೆ ಬಿಟ್ಟರೆ ನಲವತ್ತರ ವೇಗದಲ್ಲಿ ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು, ಕಾಲು ತೊಳೆದು ಚಹಾ ಕುಡಿಯಲೂ ವೇಳೆ ಸಿಗಬೇಕು. ಲೆಕ್ಕ ಸರಿಯಾಗಿಯೇ ಇತ್ತು, ನಾನೂ ಹಾಕಿ ನೋಡಿದ್ದೆ. ದಿನಾ ಓಡಾಡುವ ಮನುಷ್ಯನಿಗೆ ಇದು ಮೊದಲೇ ತಿಳಿದಿರಬೇಕಲ್ಲ ಎಂದು ಯಾರಾದರೂ ಕೇಳಬಹುದು. ಅವರು ಅಲ್ಲಿಯವರೆಗೆ ಹೊತ್ತು ನೋಡಿ ಹೊರಟವರಲ್ಲ, ಹೊತ್ತು ನೋಡಿ ಸೇರಿದವರೂ ಅಲ್ಲ. ತಡವಾದರೆ ತಪ್ಪನ್ನು ದಾರಿಯ ಮೇಲಿನ ಯಾವಗಲ್ ಊರಿನ ಚಹಾದಂಗಡಿಯ ಮೇಲೆ ಹಾಕುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ನಮ್ಮ ಓಡಾಟ ಸುರುವಾಯಿತು. ನಾನು ಸೆರಗನ್ನು ಸುತ್ತಿ ಸಿಕ್ಕಿಸಿ, ಒಂದೇ ಬದಿಗೆ ಕಾಲು ಬಿಟ್ಟು, ಹಿಂದಿನ ಸೀಟಿನ ಕಬ್ಬಿಣ ಹಿಡಿದು ಕೂರುತ್ತಿದ್ದೆ. ಯಾವಗಲ್ಲಿನ ಕಟ್ಟೆಯ ಮೇಲೆ ಕೂತವರು ಮೊದಲ ವಾರ ಎದ್ದು ನಿಂತು ನೋಡಿದರು, ಎರಡನೆಯ ವಾರ ಕೂತೇ ನೋಡಿದರು, ಆಮೇಲೆ ನೋಡುವುದನ್ನೇ ಬಿಟ್ಟರು. ಚಹಾದಂಗಡಿಯ ಮುಂದೆ ಗಾಡಿ ಈಗ ನಿಲ್ಲುತ್ತಿರಲಿಲ್ಲ. ಸಂಜೆ ರೋಣದ ಕಡೆ ಹೊರಟರೆ ಹೊತ್ತು ನಮ್ಮ ಬೆನ್ನಿಗಿರುತ್ತಿತ್ತು, ನಮ್ಮದೇ ನೆರಳು ರಸ್ತೆಯ ಮೇಲೆ ಮುಂದೆ ಮುಂದೆ ಓಡುತ್ತಿತ್ತು. ಬೆಣ್ಣೆಹಳ್ಳ ದಾಟುವಾಗ ಅದು ಬಿಳಿಜೋಳದ ಹೊಲದೊಳಗೆ ಹೋಗಿ ಬೀಳುವಷ್ಟು ಉದ್ದವಾಗುತ್ತಿತ್ತು. ರೋಣದ ಮನೆಗಳು ಕಾಣುವ ಹೊತ್ತಿಗೆ ನೆರಳೇ ಇರುತ್ತಿರಲಿಲ್ಲ.

ಮೊದಲ ದಿನ ಮನೆಗೆ ಬಂದಾಗ ದೀಪ ಹತ್ತಿತ್ತು. ಎರಡನೆಯ ದಿನವೂ ಹತ್ತಿತ್ತು. ಮೂರನೆಯ ದಿನ ಮುಳ್ಳು ನಲವತ್ತನ್ನು ಬಿಟ್ಟು ಕದಲದ ಹಾಗೆ ಇವರು ಓಡಿಸಿದರು, ಆದರೂ ಹತ್ತಿತ್ತು. ಅತ್ತೆ ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಅವರು ಬೈಯುತ್ತಿರಲಿಲ್ಲ. ನಾನು ಕಾಲು ತೊಳೆದು ಒಳಗೆ ಬಂದರೆ ಉರಿಯುವ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿ ಎದ್ದು ಹೋಗುತ್ತಿದ್ದರು. ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದರು.

“ಎಳ್ಳ ಅಮಾಸಿ ತನಕಾ ನೋಡತೀನಿ. ಆಮ್ಯಾಲ ನೌಕರಿ ಸಾಕು.”

ನೌಕರಿ ಅಂದರೆ ನನಗೆ ಸಂಬಳವಲ್ಲ, ಅದು ಹೇಗೂ ಮಾವನವರ ಕೈ ಸೇರುತ್ತಿತ್ತು. ಹಲಗೆಯ ಮುಂದೆ ನಿಂತಾಗ ನಾನು ಯಾರ ಮಗಳೂ ಅಲ್ಲ, ಸೊಸೆಯೂ ಅಲ್ಲ, ಲೆಕ್ಕ ಬಲ್ಲವಳು. ಆ ಒಂದು ಜಾಗ ಹೋದರೆ ಉಳಿದ ಆಯುಷ್ಯವನ್ನೆಲ್ಲ ನಾನು ಯಾರದೋ ಏನೋ ಆಗಿಯೇ ಕಳೆಯಬೇಕು ಎಂದು ಅನಿಸಿತ್ತು.

ತಪ್ಪು ಎಲ್ಲಿದೆ ಎಂದು ಹುಡುಕಲು ಹೊರಟದ್ದು ಆಗ. ಪರೀಕ್ಷೆ ಪಾಸಾದಾಗ ಅಪ್ಪ ಕೊಡಿಸಿದ ಗಡಿಯಾರ ಕೈಯಲ್ಲಿತ್ತು, ರಸ್ತೆಯ ಬದಿಗೆ ಮೈಲುಗಲ್ಲುಗಳಿದ್ದವು. ವೇಳೆ ಮತ್ತು ದೂರದ ಲೆಕ್ಕವನ್ನು ಅದೇ ವಾರ ಹುಡುಗಿಯರಿಗೆ ಕಲಿಸುತ್ತಿದ್ದೆ. ನಲವತ್ತರ ವೇಗದಲ್ಲಿ ಒಂದು ಮೈಲಿಗೆ ಒಂದೂವರೆ ನಿಮಿಷ ಬೇಕು, ಅಷ್ಟೇ. ಯಾವಗಲ್ ದಾಟಿದ ಮೇಲಿನ ನೆಟ್ಟಗಿನ ರಸ್ತೆಯಲ್ಲಿ ಒಂದು ಕಲ್ಲು ಹೋದೊಡನೆ ಗಡಿಯಾರ ನೋಡಿದೆ.

“ರೀ, ಮುಳ್ಳು ಎಲ್ಲಿ ಐತ್ರಿ?”

“ಕುಂಕುಮದ ಮ್ಯಾಲ. ಯಾಕ?”

“ಸುಮ್ಮನ ಕೇಳಿದೆ.”

ಮುಂದಿನ ಕಲ್ಲು ಬರುವುದರೊಳಗೆ ಎರಡು ನಿಮಿಷ ದಾಟಿಹೋಗಿತ್ತು. ಅದರ ಮುಂದಿನದಕ್ಕೂ ಹಾಗೆಯೇ. ಮೂವತ್ತನ್ನೂ ಮುಟ್ಟದ ಗಾಡಿಯ ಮೇಲೆ ಕೂತು ನಾವು ನಲವತ್ತರ ಲೆಕ್ಕ ಹಾಕಿಕೊಂಡು ಬದುಕುತ್ತಿದ್ದೆವು. ಮರುದಿನ ಬೆಣ್ಣೆಹಳ್ಳದ ಹತ್ತಿರ ಗಾಡಿ ನಿಧಾನವಾದಾಗ ಹೇಳಿಬಿಟ್ಟೆ.

“ನಿಮ್ಮ ಮೀಟರ್ ಸುಳ್ಳ ಹೇಳತೈತ್ರಿ.”

“ನಿನ್ನ ಗಡಿಯಾರ ಮುಂದ ಓಡತಿರಬೇಕು.”

“ಸಾಲಿ ಗಂಟಿಗೆ ಕೂಡಿಸೀನ್ರಿ.”

“ಹಂಗಾದ್ರ ಮೈಲಗಲ್ಲು ದೂರ ದೂರ ನೆಟ್ಟಾರ” ಎಂದರು ಅವರು. ತಮಾಷೆಗೆ ಹೇಳಿದ್ದಲ್ಲ.

ಆ ಮನುಷ್ಯನ ಕಷ್ಟ ನನಗೆ ತಿಳಿಯುತ್ತಿತ್ತು. ಪೇಟೆಯಲ್ಲಿ ಅವರ ಮಾತಿಗಿದ್ದ ತೂಕದಲ್ಲಿ ಅರ್ಧ ಆ ನಲವತ್ತರದು. ಆದರೂ ಕೆಲವು ಸಂಜೆ ಅವರ ಬೆನ್ನನ್ನು ನೋಡಿದರೆ ಸಿಟ್ಟು ಉಕ್ಕುತ್ತಿತ್ತು. ಒಂದು ಮುಳ್ಳಿನ ಮರ್ಯಾದೆ ಕಾಯಲು ನನ್ನ ಶಾಲೆಯನ್ನು ಬಿಟ್ಟುಕೊಡುತ್ತಿದ್ದಾರೆ ಎಂದು ಅನಿಸುತ್ತಿತ್ತು.

ಕೊನೆಗೆ ಒಂದು ರವಿವಾರ, ಗಜೇಂದ್ರಗಡದಲ್ಲಿ ಗಡಿಯಾರ, ಗ್ರಾಮಫೋನು, ಮೀಟರ್ ಎಲ್ಲ ದುರಸ್ತಿ ಮಾಡುವವನೊಬ್ಬನಿದ್ದಾನೆ, ಅವನಿಗೆ ತೋರಿಸೋಣ ಎಂದು ಅವರೇ ಹೊರಟರು. ನಾನು ಸುಳ್ಳಿ ಎಂದು ಮೂರನೆಯವರ ಬಾಯಿಂದ ಕೇಳಬೇಕಾಗಿತ್ತು ಅವರಿಗೆ. ಗುಡ್ಡದ ಕೆಳಗಿನ ಪೇಟೆಯಲ್ಲಿ ಅವನ ಅಂಗಡಿ. ಮಾತುಗಾರ ಮನುಷ್ಯ, ಕೈಗಿಂತ ಬಾಯಿ ಚುರುಕು. ಮೀಟರ್ ಬಿಚ್ಚಿ, ಊದಿ, ಕಿವಿಗೆ ಹಿಡಿದು ನೋಡಿದ.

“ಮೀಟರ್ ಭೇಷ್ ಐತ್ರಿ ಧಣಿ. ಆದ್ರ ಇದು ಈ ಗಾಡೀದಲ್ಲ. ಹಿಂದಿನವರು ಬ್ಯಾರೆ ಗಾಡೀದು ತಗದು ಕೂಡಿಸ್ಯಾರ. ಅದರ ತಪ್ಪೇನೂ ಇಲ್ಲ. ತನ್ನ ಗಾಡಿ ಎಷ್ಟು ಓಡತಿತ್ತೋ ಅದನ್ನ ಹೇಳಾಕತ್ತೈತಿ.”

“ಸರಿ ಮಾಡಾಕ ಬರತೈತೇನು?” ಎಂದು ನಾನು ಕೇಳಿದೆ.

“ಸರಿ ಇದ್ದದ್ದನ್ನ ಏನ್ ಸರಿ ಮಾಡ್ಲಿ, ಅಕ್ಕಾರ?” ಎಂದು ಅವನು ತಿರುಪು ಬಿಗಿದು ಕೈ ಒರೆಸಿಕೊಂಡ.

ಇವರು ‘ಮೀಟರ್ ಭೇಷ್ ಐತಿ’ ಎಂಬಷ್ಟನ್ನು ಮಾತ್ರ ಕಿವಿಯಲ್ಲಿಟ್ಟುಕೊಂಡು, ಮುಂದಿನದನ್ನು ಅಲ್ಲೇ ಬಿಟ್ಟು ಖುಷಿಯಿಂದ ಹೊರಟರು. ಆ ಖುಷಿ ಇಟಗಿಯ ದಾರಿ ಒಡೆಯುವವರೆಗೆ ನಡೆಯಿತು. ಅಲ್ಲಿ ಹಿಂದಿನಿಂದ ಸರ್ವಿಸ್ ಮೋಟಾರು ಬಂತು. ಅದರ ಮೇಲೆ ಬುಟ್ಟಿ, ಹಾಸಿಗೆ, ಎರಡು ಆಡು, ಒಳಗೆ ಉಸಿರಾಡಲು ಜಾಗವಿಲ್ಲದಷ್ಟು ಜನ. ಅದರ ಡ್ರೈವರ್ ಮೂವತ್ತು ದಾಟಿದರೆ ಎಂಜಿನ್ನಿನ ಯಾವ ಭಾಗ ಕಳಚಿ ಬೀಳುತ್ತದೆ ಎಂದು ಎಲ್ಲರಿಗೂ ವಿವರಿಸಿ ಹೇಳುವಂಥವನು. ಆ ಮೋಟಾರು ನಮ್ಮ ಬಲಕ್ಕೆ ಬಂತು, ಸ್ವಲ್ಪ ಹೊತ್ತು ಜೊತೆಗೇ ಓಡಿತು, ಆಮೇಲೆ ನಮ್ಮನ್ನು ಧೂಳಿನಲ್ಲಿ ಬಿಟ್ಟು ಮುಂದೆ ಹೋಯಿತು. ನಮ್ಮ ಮುಳ್ಳು ಕುಂಕುಮದ ಮೇಲೇ ಇತ್ತು. ಕಿಡಕಿಯಿಂದ ಒಬ್ಬ ಮುದುಕ ನಮಗೆ ಕೈ ಮಾಡಿದ.

ಇವರು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ, ಧೂಳು ಅಡಗುವವರೆಗೆ ನಿಂತರು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

“ಯಾರ ಮುಂದೂ ಹೇಳಬ್ಯಾಡ” ಎಂದರು.

“ಹೇಳೂದಿಲ್ರಿ. ನಾಳಿಂದ ಮುಳ್ಳು ಅರವತ್ತಕ್ಕ ಒಯ್ಯರಿ. ಅರವತ್ತು ತೋರಿಸಿದ್ರ ಖರೇ ನಲವತ್ತಾಗತೈತಿ. ಹೊತ್ತು ಮುಳುಗೂದ್ರಾಗ ಮನಿ ಮುಟ್ಟತೀವಿ.”

“ಅವ್ವ ಕುಂಕುಮ ಇಟ್ಟಾಳ.”

“ಅವರು ಇಟ್ಟದ್ದು ನಲವತ್ತಕ್ಕರಿ. ಆ ನಲವತ್ತು ನಲವತ್ತಲ್ಲ.”

“ನಲವತ್ತಕ್ಕಲ್ಲ, ಗಾಜಿಗೆ ಇಟ್ಟಾಳ. ಖಂಡೇಪೂಜಿ ದಿವಸ ಅದರ ಮುಂದ ನಿಂತು ನಾ ಹೂಂ ಅಂದೀನಿ. ದಾಟೂದಿಲ್ಲ.”

ಇಂಥ ಮನುಷ್ಯನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಮೀಟರ್ ಸುಳ್ಳೆಂದು ಒಪ್ಪಿಕೊಂಡರು, ಆದರೆ ಸುಳ್ಳು ಮೀಟರಿಗೆ ಕೊಟ್ಟ ಮಾತನ್ನು ಮುರಿಯಲಿಲ್ಲ. ಮರುದಿನವೂ ಕುಂಕುಮದ ಮೇಲೇ ಮುಳ್ಳಿಟ್ಟು ಓಡಿಸಿದರು, ಮರುದಿನವೂ ದೀಪ ಹತ್ತಿತ್ತು.

ಉಳಿದ ದಾರಿ ಒಂದೇ. ಕುಂಕುಮ ಇಟ್ಟವರೇ ಅದನ್ನು ಸರಿಸಬೇಕು. ಎಳ್ಳಮಾವಾಸ್ಯೆಯ ಹಿಂದಿನ ದಿನ ಅತ್ತೆ, ನಾನು ಒಲೆಯ ಮುಂದೆ ಕೂತು ಹೊಲಕ್ಕೆ ಒಯ್ದು ಭೂಮಿತಾಯಿಗೆ ಚೆಲ್ಲುವ ಚರಗದ ಅಡಿಗೆಗೆಂದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮಾಡುತ್ತಿದ್ದೆವು. ಗಂಡನ ಮಾತು ಮೀರಿ, ಪೇಟೆಯವರ ಮುಂದಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು, ಮೈಲುಗಲ್ಲಿನಿಂದ ಹಿಡಿದು ಸರ್ವಿಸ್ ಮೋಟಾರಿನವರೆಗೆ ಎಲ್ಲ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು.

“ಅಂದ್ರ ಆಂವ ಇಷ್ಟ ದಿನಾ ನಲವತ್ತರಾಗ ಹೋಗೇ ಇಲ್ಲೇನು?”

“ಇಲ್ರಿ. ಮೂವತ್ತೂ ಮುಟ್ಟಿಲ್ಲ.”

“ಚಲೋ ಆತು” ಎಂದು ಅವರು ಒಂದು ಉಸಿರು ಬಿಟ್ಟರು. ಆಮೇಲೆ, “ಇದನ್ನ ಹ್ಯಾಂಗ ಕಂಡುಹಿಡದಿ?” ಎಂದು ಕೇಳಿದರು.

“ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗತೈತಿ ಅಂತ ಲೆಕ್ಕಾ ಮಾಡಿದರ ತಿಳೀತೈತ್ರಿ.”

“ಸಾಲ್ಯಾಗ ಇದನ್ನ ಕಲಸ್ತೀಯೇನು? ಹುಡುಗ್ಯಾರಿಗೆ?”

“ಹೌದ್ರಿ.”

ಅತ್ತೆ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದರು. ನಾನು ಧೈರ್ಯ ಮಾಡಿದೆ.

“ಕುಂಕುಮ ಒಂದೀಟು ಮುಂದ ಇಟ್ರ, ಹೊತ್ತಿಗೆ ಸರಿಯಾಗಿ ಬರತೀವ್ರಿ.”

“ಇಟ್ಟ ಕುಂಕುಮ ಸರಸೂದಿಲ್ಲ. ಆ ಮೀಟರ್ ಸುಳ್ಳ ಹೇಳಿ ನನ್ನ ಮಗನ್ನ ಕಾಯತೈತಿ ಅಂದ್ರ ಕಾಯಲಿ. ಮೂವತ್ತರಾಗ ಹೋಗಿ ಜೀವಂತ ಬರ್ರಿ, ಇಬ್ರೂ.”

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಅತ್ತೆಯೂ ಹೊಗೆಯೆಂದೇ ತಿಳಿದವರಂತೆ ಊದುಗೊಳವೆ ನನ್ನ ಕಡೆ ತಳ್ಳಿದರು. ಅಮಾವಾಸ್ಯೆಯ ದಿನ ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಉಂಡು ಬಂದೆವು. ಏನು ಉಂಡೆನೋ ನೆನಪಿಲ್ಲ. ಮರುದಿನ ಶಾಲೆಗೆ ಹೋಗಿ, ಈ ತಿಂಗಳು ಮುಗಿದರೆ ನಾನು ಬರುವುದಿಲ್ಲ ಎಂದು ಹೆಡ್ ಬಾಯಿಯವರಿಗೆ ಹೇಳಿದೆ. ಅವರು ಕಾರಣ ಕೇಳಲಿಲ್ಲ. ಮದುವೆಯಾದ ಬಾಯಿಯವರನ್ನು ಕಾರಣ ಕೇಳುವ ರೂಢಿ ಇರಲಿಲ್ಲ.

ಅಂದು ಸಂಜೆಯೂ ಹೊತ್ತು ಮುಳುಗಿದ ಮೇಲೆಯೇ ರೋಣ ಮುಟ್ಟಿದೆವು. ನಮ್ಮ ಓಣಿಯ ಎಲ್ಲ ಮನೆಗಳಲ್ಲಿ ಬೆಳಕಿತ್ತು, ನಮ್ಮ ಮನೆಯೊಂದೇ ಕತ್ತಲಲ್ಲಿತ್ತು. ದೀಪವಿಲ್ಲದ ಮನೆಯೆಂದರೆ ಒಳಗೆ ಯಾರಿಗೋ ಏನೋ ಆಗಿದೆ. ಇವರು ಗಾಡಿಯನ್ನು ಗೋಡೆಗೆ ಒರಗಿಸಿ ಓಡಿದರು. ಮಾವನವರು ಕಟ್ಟೆಯ ಮೇಲೆ, ಓದಲು ಬೆಳಕಿಲ್ಲದೆ ಮಡಚಿದ ಪೇಪರು ಹಿಡಿದು ಕೂತಿದ್ದರು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, ನಿಮ್ಮ ಮನ್ಯಾಗ ಯಾಕ ಇನ್ನೂ ದೀಪಾ ಹಚ್ಚಿಲ್ರಿ ಎಂದು ಕೇಳುತ್ತಿದ್ದಳು, ಆ ಪ್ರಶ್ನೆ ಮೊದಲ ಸಲದ್ದಾಗಿರಲಿಲ್ಲ.

ಒಳಗಿನಿಂದ ಅತ್ತೆಯ ದನಿ ಬಂತು. ಓಣಿಗೆಲ್ಲ ಕೇಳುವಷ್ಟು ದೊಡ್ಡ ದನಿ.

“ಹಚ್ಚಾಕಿ ಸಾಲಿಯಿಂದ ಬಂದಿಲ್ಲ. ಬಂದ ಮ್ಯಾಲ ಹಚ್ಚತಾಳ.”

ನಾನು ಕತ್ತಲಲ್ಲಿ ತಡಕಾಡುತ್ತ ಒಳಗೆ ಹೋದೆ. ಅತ್ತೆ ಜಗಲಿಯ ಮುಂದೆ ಕೂತಿದ್ದರು. ಎಣ್ಣೆ ಹಾಕಿ, ಬತ್ತಿ ಹೊಸೆದು ಇಟ್ಟು, ಕಡ್ಡಿಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ ನಾನು ಕೇಳಲಿಲ್ಲ.

“ಇನ್ನ ಮ್ಯಾಲ ಈ ಮನಿಗೆ ದೀಪಾ ಹಚ್ಚೂ ಹೊತ್ತು ಅಂದ್ರ ನೀ ಬಂದ ಹೊತ್ತು. ಹೋಗ, ಕಾಲ ತೊಳಕೊಂಡ ಬಾ” ಎಂದರು.

ಕಾಲು ತೊಳೆದು ಬಂದು ಕಡ್ಡಿ ಗೀರಿದೆ. ಅದು ಆರಿತು. ಇನ್ನೊಂದಕ್ಕೆ ಬತ್ತಿ ಹತ್ತಿತು. ಬೆಳಕಿನಲ್ಲಿ ಅತ್ತೆಯ ಮುಖ ನೋಡಿದೆ, ಅವರು ಎಂದಿನಂತೆ ನನ್ನನ್ನು ನೋಡದೆ ದೀಪಕ್ಕೆ ಕೈ ಮುಗಿದು ಎದ್ದರು. ಕಟ್ಟೆಯ ಕಡೆಯಿಂದ ಮಾವನವರು ಕೆಮ್ಮಿ, ಇನ್ನರ ಒಳಗ ಬರಬಹುದೇನು ಎಂದು ಕೇಳಿದರು. ಅವರು ಕೇಳಿದ್ದು ನನ್ನನ್ನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಬರ್ರಿ” ಎಂದೆ.